ಕುಪ್ಪಳಿಸುವ ಹೆಣ, ಉಸಿರು ಬಿಗಿಹಿಡಿದ ಶಿಷ್ಯ: ಹಾಂಗ್‌ಕಾಂಗ್‌ನ ಕುಂಗ್ ಫೂ ದೆವ್ವದ ಹಾಸ್ಯಚಿತ್ರಗಳನ್ನು ಮನೆಯಲ್ಲಿ ಸವಿಯುವ ಸಮಗ್ರ ಮಾರ್ಗದರ್ಶಿ

ಕೈಗಳನ್ನು ಮುಂದಕ್ಕೆ ಚಾಚಿ, ಮೊಣಕಾಲು ಮಡಿಸದೆ ಕುಪ್ಪಳಿಸುತ್ತಾ ಬರುವ ಒಂದು ಹೆಣ. ಅದರ ಹಣೆಗೆ ಅಂಟಿಸಿದ ಹಳದಿ ಚೀಟಿ. ಎದುರಿಗೆ ಉಸಿರು ಬಿಗಿಹಿಡಿದು ನಿಂತು, ಇನ್ನೇನು ಸೀನಿಯೇ ಬಿಡುವ ಒಬ್ಬ ಪೆದ್ದ ಶಿಷ್ಯ. 1980ರ ದಶಕದ ಹಾಂಗ್‌ಕಾಂಗ್ ಚಿತ್ರರಂಗ ಇಷ್ಟನ್ನೇ ಬಂಡವಾಳ ಮಾಡಿಕೊಂಡು ಒಂದರ ಹಿಂದೆ ಒಂದು ಚಿತ್ರ ತೆಗೆಯಿತು. ಈ ಹೆಣಕ್ಕೆ ಚೀನೀ ಭಾಷೆಯಲ್ಲಿ ಜಿಯಾಂಗ್‌ಶಿ ಎಂದು ಹೆಸರು.

ಅಗ್ಗದ ಚಿತ್ರಗಳನ್ನು ‘ಎಷ್ಟು ಕೆಟ್ಟದಾಗಿದೆ ನೋಡು’ ಎಂದು ಗೇಲಿ ಮಾಡಲೆಂದೇ ನೋಡುವವರಿದ್ದಾರೆ. ಈ ಬಗೆಯ ಚಿತ್ರಗಳಿಗೆ ಅದು ಅನ್ಯಾಯ, ನೋಡುವವರಿಗೂ ನಷ್ಟ. ಇಲ್ಲಿ ದುಡ್ಡು ಕಡಿಮೆಯಾಗಿದ್ದು ಸೆಟ್ಟು, ಮುಖವಾಡ ಮತ್ತು ಹೊಗೆಯ ವಿಷಯದಲ್ಲಿ. ಮೈ ದುಡಿಮೆಯಲ್ಲಿ ಮಾತ್ರ ಯಾರೂ ಜಿಪುಣತನ ತೋರಿಲ್ಲ. ಆ ಮೈಯನ್ನು ನೋಡಲು ಕಲಿತರೆ ಉಳಿದ ಬಡತನವೆಲ್ಲ ತಮಾಷೆಯ ಭಾಗವಾಗಿಬಿಡುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಮೊದಲ ಹೆಜ್ಜೆ: ಎಲ್ಲಿಂದ ಆರಂಭಿಸಬೇಕು

1985ರ ‘ಮಿಸ್ಟರ್ ವ್ಯಾಂಪೈರ್’ ಚಿತ್ರದಿಂದ ಆರಂಭಿಸಿ. ನಿರ್ದೇಶಕ ರಿಕಿ ಲಾವ್, ನಿರ್ಮಾಪಕ ಸಾಮೊ ಹಂಗ್. ಒಬ್ಬ ಶ್ರೀಮಂತ ತನ್ನ ತಂದೆಯ ಶವವನ್ನು ಹೊರತೆಗೆಸಿ ಬೇರೆಡೆ ಹೂಳಿಸಲು ಹೊರಡುತ್ತಾನೆ. ಪೆಟ್ಟಿಗೆ ತೆರೆದರೆ ಇಷ್ಟು ವರ್ಷ ಕಳೆದರೂ ಹೆಣ ಕೊಳೆತಿಲ್ಲ. ಅಲ್ಲಿಂದ ಮುಂದಿನದೆಲ್ಲ ಮಾಂತ್ರಿಕ ಗುರುವಿನ ಪಾಲಿಗೆ ಬರುತ್ತದೆ. ಗುರುವಾಗಿ ಲಾಮ್ ಚಿಂಗ್‌ಯಿಂಗ್, ಇಬ್ಬರು ಶಿಷ್ಯರಾಗಿ ಚಿನ್ ಸಿಯುಹೋ ಮತ್ತು ರಿಕಿ ಹುಯಿ, ಹೆಣವಾಗಿ ಯುವೆನ್ ವಾ. ಹಾಂಗ್‌ಕಾಂಗ್‌ನಲ್ಲಿ ಇದು ಎರಡು ಕೋಟಿ ಸ್ಥಳೀಯ ಡಾಲರ್ ಗಳಿಸಿತು. ಆಮೇಲೆ ಅಲ್ಲಿ ಜಿಯಾಂಗ್‌ಶಿ ಚಿತ್ರಗಳ ಜಾತ್ರೆಯೇ ನೆರೆಯಿತು.

ಇತಿಹಾಸದ ಕ್ರಮ ಬೇಕೆನ್ನುವವರು 1980ರಲ್ಲಿ ಸಾಮೊ ಹಂಗ್ ತಾನೇ ನಿರ್ದೇಶಿಸಿ ನಟಿಸಿದ ‘ಎನ್‌ಕೌಂಟರ್ಸ್ ಆಫ್ ದ ಸ್ಪೂಕಿ ಕೈಂಡ್’ ಚಿತ್ರದಿಂದ ಹೊರಡಬಹುದು. ಕುಂಗ್ ಫೂ, ದೆವ್ವ, ನಗು ಮೂರನ್ನೂ ಒಂದೇ ಪಾಕದಲ್ಲಿ ಹದವಾಗಿ ಬೆರೆಸಿದ ಚಿತ್ರ ಅದು. ನನ್ನ ಮಟ್ಟಿಗೆ ಕಾದಾಟದಲ್ಲಿ ಅದೇ ಮೇಲು. ಆದರೂ ಅದನ್ನು ಎರಡನೆಯದಾಗಿ ನೋಡಿ ಎನ್ನುತ್ತೇನೆ. ಜಿಯಾಂಗ್‌ಶಿಯ ಕಟ್ಟುಪಾಡುಗಳನ್ನು 1985ರ ಚಿತ್ರ ಹೊಸಬರಿಗೆ ಕೈಹಿಡಿದು ಕಲಿಸುತ್ತದೆ. 1980ರ ಚಿತ್ರ ಅಷ್ಟೊಂದು ತಾಳ್ಮೆ ತೋರುವುದಿಲ್ಲ.

ಎರಡನೆಯ ಹೆಜ್ಜೆ: ಆಟದ ನಿಯಮ ತಿಳಿದುಕೊಳ್ಳಿ

ಈ ಹೆಜ್ಜೆಯನ್ನು ಹಾರಿಸಬೇಡಿ. ನಿಯಮ ಗೊತ್ತಿಲ್ಲದವರಿಗೆ ಈ ಚಿತ್ರಗಳಲ್ಲಿ ಅರ್ಧ ನಗು ಕೈತಪ್ಪುತ್ತದೆ, ಏಕೆಂದರೆ ಪ್ರತಿ ಹಾಸ್ಯವೂ ಒಂದು ನಿಯಮ ಎಲ್ಲೋ ಸಡಿಲಗೊಂಡಾಗ ಹುಟ್ಟುವಂಥದ್ದು.

ಚೀನಾದ ಹುನಾನ್ ಪ್ರಾಂತ್ಯದ ಪಶ್ಚಿಮ ಭಾಗದಲ್ಲಿ ಹೆಣಗಳನ್ನು ನಡೆಸಿಕೊಂಡು ಹೋಗುವವರ ಕಥೆಗಳಿವೆ. ದೂರದ ಊರಿನಲ್ಲಿ ಸತ್ತವನನ್ನು ಹುಟ್ಟಿದ ನೆಲದಲ್ಲೇ ಹೂಳಬೇಕು, ಆದರೆ ಶವ ಸಾಗಿಸಲು ಮನೆಯವರ ಬಳಿ ಹಣವಿಲ್ಲ. ಆಗ ಮಾಂತ್ರಿಕನೊಬ್ಬ ರಾತ್ರಿ ಹೊತ್ತು ಗಂಟೆ ಬಾರಿಸುತ್ತಾ ಮುಂದೆ ನಡೆಯುತ್ತಾನೆ, ಹೆಣಗಳು ಸಾಲಾಗಿ ಹಿಂದೆ ಕುಪ್ಪಳಿಸುತ್ತವೆ. ಇದಕ್ಕೆ ಲೌಕಿಕ ವಿವರಣೆಯೂ ಒಂದುಂಟು: ಎರಡು ಉದ್ದನೆಯ ಬಿದಿರು ಗಳುಗಳಿಗೆ ಶವಗಳನ್ನು ನಿಂತ ಭಂಗಿಯಲ್ಲೇ ಕಟ್ಟಿ ಹಿಂದೊಬ್ಬ ಮುಂದೊಬ್ಬ ಹೊತ್ತು ನಡೆದರೆ, ಬಿದಿರು ಬಳುಕಿದಾಗಲೆಲ್ಲ ಹೆಣ ಕುಪ್ಪಳಿಸಿದಂತೆ ದೂರದವರಿಗೆ ಕಾಣುತ್ತಿತ್ತಂತೆ. ‘ಮಿಸ್ಟರ್ ವ್ಯಾಂಪೈರ್’ನ ಮೊದಲ ದೃಶ್ಯದಲ್ಲೇ ಇಂಥ ‘ಗಿರಾಕಿ’ಗಳು ಸಾಲಾಗಿ ನಿಂತಿರುತ್ತವೆ. ಹೆಣಗಳ ಮೈಮೇಲಿನ ಗುಂಡು ಟೋಪಿ, ಗಾಢ ಬಣ್ಣದ ನಿಲುವಂಗಿ 1644ರಿಂದ 1912ರವರೆಗೆ ಆಳಿದ ಚಿಂಗ್ ವಂಶದ ಅಧಿಕಾರಿಗಳದ್ದು.

ಇನ್ನು ನಿಯಮಗಳು. ಜಿಯಾಂಗ್‌ಶಿಗೆ ಕಣ್ಣು ಕಾಣಿಸುವುದಿಲ್ಲ. ಬದುಕಿರುವವರ ಉಸಿರಿನ ಜಾಡು ಹಿಡಿದು ಬರುತ್ತದೆ. ಉಸಿರು ಕಟ್ಟಿ ನಿಂತರೆ ಮೂಗಿನ ಮುಂದೆಯೇ ಹಾದುಹೋಗುತ್ತದೆ. ಕೆಂಪು ಶಾಯಿಯಲ್ಲಿ ಮಂತ್ರ ಬರೆದ ಹಳದಿ ಚೀಟಿ ಹಣೆಯ ಮೇಲಿರುವವರೆಗೆ ಅದು ನಿಂತಲ್ಲೇ ಕಲ್ಲು. ಗಾಳಿಗೆ ಚೀಟಿ ಹಾರಿತೋ, ಕಥೆ ಮುಗಿಯಿತು. ಬರೆದ ಅಕ್ಷರ ದೆವ್ವವನ್ನು ತಡೆಯುತ್ತದೆ ಎಂಬ ನಂಬಿಕೆಯನ್ನು ನಾವು ನಗುವಂತಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಬಾಗಿಲು ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದುಕೊಂಡು ಮಲಗಿದ ಜನ ನಾವು.

ಹೆಣ ಕಚ್ಚಿದ ವಿಷ ಇಳಿಸಲು ಅಂಟು ಅಕ್ಕಿ ಬೇಕು, ಸಾಧಾರಣ ಅಕ್ಕಿ ನಡೆಯದು. ಬಡಗಿಗಳು ಮರದ ಮೇಲೆ ಗೆರೆ ಹೊಡೆಯುವ ಮಸಿದಾರವನ್ನು ಕೋಳಿ ರಕ್ತ ಬೆರೆಸಿದ ಮಸಿಯಲ್ಲಿ ಅದ್ದಿ ಶವಪೆಟ್ಟಿಗೆಯ ಮೇಲೆ ಬಲೆಯಂತೆ ಗೆರೆ ಹಾಕಿದರೆ ಹೆಣ ಹೊರಬರಲಾರದು. ಪೀಚ್ ಮರದ ಕತ್ತಿ, ಹಳೆಯ ತೂತಿನ ನಾಣ್ಯಗಳನ್ನು ಕೆಂಪು ದಾರದಲ್ಲಿ ಪೋಣಿಸಿ ಮಾಡಿದ ಕತ್ತಿ, ಎಂಟು ಮೂಲೆಯ ಕನ್ನಡಿ, ಇವೆಲ್ಲ ಗುರುವಿನ ಜೋಳಿಗೆಯ ಸಾಮಾನು. ಕಡಿಸಿಕೊಂಡವನೂ ಹೆಣವಾಗುವ ಪದ್ಧತಿ ಮಾತ್ರ ಪಶ್ಚಿಮದ ರಕ್ತಪಿಶಾಚಿ ಚಿತ್ರಗಳಿಂದ ಬಂದು ಸೇರಿಕೊಂಡದ್ದು.

ಈಗ ನೋಡಿ, ನಗು ಎಲ್ಲಿ ಹುಟ್ಟುತ್ತದೆಂದು. ‘ಮಿಸ್ಟರ್ ವ್ಯಾಂಪೈರ್’ನಲ್ಲಿ ಶಿಷ್ಯರು ಪೆಟ್ಟಿಗೆಯ ಎಲ್ಲ ಬದಿಗೂ ಗೆರೆ ಹೊಡೆಯುತ್ತಾರೆ, ತಳವೊಂದನ್ನು ಮರೆಯುತ್ತಾರೆ. ಅಂಗಡಿಯವನು ಲಾಭದಾಸೆಗೆ ಅಂಟು ಅಕ್ಕಿಗೆ ಸಾಧಾರಣ ಅಕ್ಕಿ ಕಲಬೆರಕೆ ಮಾಡುತ್ತಾನೆ. 1980ರ ಚಿತ್ರದಲ್ಲಿ ಹೆಣವನ್ನು ಪೆಟ್ಟಿಗೆಯೊಳಗೇ ತಡೆಯಲು ಕೋಳಿಮೊಟ್ಟೆ ಎಸೆಯಬೇಕು. ಮಾರಿದವನು ನಡುವೆ ಬಾತುಮೊಟ್ಟೆ ಸೇರಿಸಿರುತ್ತಾನೆ. ಪಿಶಾಚಿಗಿಂತ ದಿನಸಿ ವ್ಯಾಪಾರಿಯೇ ಅಪಾಯಕಾರಿ! ಇಂಥ ಹಾಸ್ಯಕ್ಕೆ ಅನುವಾದವೇ ಬೇಕಿಲ್ಲ, ನಿಯಮ ಗೊತ್ತಿದ್ದರೆ ಸಾಕು. ಆದ್ದರಿಂದ ಜೊತೆಗೆ ನೋಡುವವರಿಗೆ ಚಿತ್ರ ಹಾಕುವ ಮುಂಚೆ ಈ ನಾಲ್ಕು ಮಾತು ಹೇಳಿಬಿಡಿ.

ಮೂರನೆಯ ಹೆಜ್ಜೆ: ಒಳ್ಳೆಯ ಪ್ರತಿ ಹುಡುಕುವುದು

ಕಡಿಮೆ ಖರ್ಚಿನ ಚಿತ್ರವೆಂದ ಮಾತ್ರಕ್ಕೆ ಮಸುಕು ಮಸುಕಾದ ಪ್ರತಿಯಲ್ಲೇ ನೋಡಬೇಕೆಂಬ ಹಠ ಕೆಲವರಿಗಿದೆ. ಹಳೆಯ ಕ್ಯಾಸೆಟ್ಟಿನ ಗೆರೆಗಳಲ್ಲೇ ಸೊಗಸು ಎಂದು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಈ ಚಿತ್ರಗಳ ಬಹುಪಾಲು ರಾತ್ರಿಯಲ್ಲಿ ನಡೆಯುತ್ತದೆ. ಕೆಟ್ಟ ಪ್ರತಿಯಲ್ಲಿ ಆ ರಾತ್ರಿ ಬರೀ ಕಪ್ಪು ಮುದ್ದೆ. ಒಳ್ಳೆಯ ಪ್ರತಿಯಲ್ಲಿ ಅದೇ ರಾತ್ರಿ ನೀಲಿ ಬೆಳಕಾಗಿ, ಹೊಗೆಯಾಗಿ, ಅದರ ನಡುವೆ ತಿರುಗುವ ಕಾಲುಗಳಾಗಿ ಬಿಡಿಬಿಡಿಯಾಗಿ ಕಾಣುತ್ತದೆ.

ಮೊದಲು ನಿಮ್ಮಲ್ಲಿರುವ ಚಂದಾ ವೇದಿಕೆಗಳಲ್ಲಿ ಹುಡುಕಿ. ಇಂಗ್ಲಿಷ್ ಹೆಸರಿನ ಜೊತೆಗೆ ನಟರ ಹೆಸರಿನಲ್ಲೂ ಹುಡುಕಬೇಕು, ಏಕೆಂದರೆ ಒಂದೇ ಚಿತ್ರಕ್ಕೆ ಎರಡು ಮೂರು ಇಂಗ್ಲಿಷ್ ಹೆಸರುಗಳಿರುವುದು ಇಲ್ಲಿ ಮಾಮೂಲು. ಇಂದು ಇರುವ ಚಿತ್ರ ಮುಂದಿನ ತಿಂಗಳು ಇರುತ್ತದೆಂಬ ಭರವಸೆಯಿಲ್ಲ, ಸಿಕ್ಕಾಗ ನೋಡಿಬಿಡಿ.

ಡಿಸ್ಕ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ ಎರಡೂ ಚಿತ್ರಗಳನ್ನು ಬ್ರಿಟನ್ನಿನ ಯುರೇಕಾ ಸಂಸ್ಥೆ ಚೊಕ್ಕಗೊಳಿಸಿ ಬ್ಲೂರೇಯಲ್ಲಿ ತಂದಿದೆ. ಆದರೆ ಬ್ಲೂರೇ ಲೋಕದಲ್ಲಿ ಬ್ರಿಟನ್ ‘ಬಿ’ ವಲಯ, ಭಾರತ ‘ಸಿ’ ವಲಯ, ಹಾಂಗ್‌ಕಾಂಗ್ ಮತ್ತು ಅಮೆರಿಕ ‘ಎ’ ವಲಯ. ಡಿವಿಡಿಯಲ್ಲಾದರೆ ಭಾರತ ಐದನೆಯ ವಲಯ, ಹಾಂಗ್‌ಕಾಂಗ್ ಮೂರನೆಯದು. ವಲಯದ ಬೀಗವಿರುವ ಪ್ಲೇಯರ್ ಬೇರೆ ವಲಯದ ಡಿಸ್ಕನ್ನು ಓದುವುದೇ ಇಲ್ಲ. ವಿದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವ ಮೊದಲು ನಿಮ್ಮ ಪ್ಲೇಯರ್ ಎಲ್ಲ ವಲಯಗಳನ್ನೂ ಓದುತ್ತದೆಯೇ ಎಂದು ನೋಡಿಕೊಳ್ಳಿ.

ಯಾವ ಭಾಷೆಯ ಧ್ವನಿ ಆರಿಸಬೇಕು? ಹಾಂಗ್‌ಕಾಂಗ್‌ನ ಆಡುಮಾತಾದ ಕ್ಯಾಂಟನೀಸ್. ಆ ಕಾಲದ ಹಾಂಗ್‌ಕಾಂಗ್ ಚಿತ್ರಗಳನ್ನು ಬಹುತೇಕ ಸ್ಥಳದಲ್ಲೇ ಧ್ವನಿ ಹಿಡಿಯದೆ ಚಿತ್ರೀಕರಿಸಿ, ಆಮೇಲೆ ಸ್ಟುಡಿಯೋದಲ್ಲಿ ಮಾತು ಸೇರಿಸುತ್ತಿದ್ದರು. ತುಟಿ ಮತ್ತು ಮಾತು ಹೊಂದದಿದ್ದರೆ ಅದು ನಿಮ್ಮ ಟಿವಿಯ ದೋಷವೆಂದು ತಿಳಿಯಬೇಡಿ, ಮೂಲದಲ್ಲೇ ಹಾಗಿದೆ. ಆದರೂ ಹಾಸ್ಯದ ಲಯ ಕ್ಯಾಂಟನೀಸ್‌ನಲ್ಲೇ ಸರಿಯಾಗಿ ಕೂರುತ್ತದೆ. ಇಂಗ್ಲಿಷ್ ಡಬ್ಬಿಂಗ್ ಎರಡನೆಯ ಸಲ ನೋಡುವಾಗ ಇರಲಿ, ಅದಕ್ಕೆ ಅದರದೇ ವಿಚಿತ್ರ ರುಚಿಯಿದೆ. ಡಿಸ್ಕಿನಲ್ಲಿ ಮೂಲ ಮೋನೋ (ಒಂದೇ ಕಡೆಯಿಂದ ಬರುವ) ಧ್ವನಿ ಮತ್ತು ಹೊಸ 5.1 (ಸುತ್ತಲಿಂದಲೂ ಕೇಳಿಸುವ) ಧ್ವನಿ ಎರಡೂ ಇದ್ದರೆ ಮೋನೋ ಹಾಕಿ. ಹೊಸದರಲ್ಲಿ ಕೆಲವೊಮ್ಮೆ ಏಟಿನ ಸದ್ದುಗಳನ್ನೇ ಬದಲಾಯಿಸಿರುತ್ತಾರೆ.

ಹಳೆಯ ಪ್ರತಿಗಳಲ್ಲಿ ಚೀನೀ ಮತ್ತು ಇಂಗ್ಲಿಷ್ ಅಡಿಬರಹಗಳು ಚಿತ್ರದ ಮೇಲೆಯೇ ಅಚ್ಚಾಗಿರುತ್ತವೆ. ಬಿಳಿ ಅಕ್ಷರ, ಹಿಂದೆ ಬಿಳಿ ಅಂಗಿ, ಮಾತು ಮಾಯ. ಮನೆಯಲ್ಲಿ ಇಂಗ್ಲಿಷ್ ಓದದ ಹಿರಿಯರಿದ್ದರೆ ಒಬ್ಬರು ಆಗಾಗ ಒಂದೊಂದು ಸಾಲಿನಲ್ಲಿ ಕಥೆ ಹೇಳುತ್ತಾ ಹೋಗಲಿ. ಪ್ರತಿ ಮಾತನ್ನೂ ಅನುವಾದಿಸಲು ಹೋದರೆ ಕಾದಾಟ ಕೈತಪ್ಪುತ್ತದೆ. ‘ಮಿಸ್ಟರ್ ವ್ಯಾಂಪೈರ್’ನ ಗುರು ಮತ್ತು ಶಿಷ್ಯ ಜೀವನದಲ್ಲಿ ಮೊದಲ ಸಲ ಕಾಫಿ ಎದುರಿಸುವ ದೃಶ್ಯಕ್ಕಂತೂ ಯಾವ ಭಾಷೆಯೂ ಬೇಡ.

ನಾಲ್ಕನೆಯ ಹೆಜ್ಜೆ: ಟಿವಿಯನ್ನು ಹದಕ್ಕೆ ತರುವುದು

ಈಗಿನ ಟಿವಿಗಳು ಚಿತ್ರದ ಚಲನೆಯನ್ನು ನುಣುಪಾಗಿಸಲು ತಾವೇ ಹೊಸ ಫ್ರೇಮುಗಳನ್ನು ಸೃಷ್ಟಿಸಿ ಸೇರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ಮೋಷನ್’ ಎಂಬ ಪದವಿರುವ ಆಯ್ಕೆಯನ್ನು ಹುಡುಕಿ ಆಫ್ ಮಾಡಿಬಿಡಿ. ಕುಂಗ್ ಫೂ ಚಿತ್ರಕ್ಕೆ ಇದರಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಕಾದಾಟದ ಕೆಲವು ಭಾಗಗಳನ್ನು ಆಗ ಸೆಕೆಂಡಿಗೆ 24ಕ್ಕಿಂತ ಸ್ವಲ್ಪ ಕಡಿಮೆ ಫ್ರೇಮಿನಲ್ಲಿ ಚಿತ್ರೀಕರಿಸುತ್ತಿದ್ದರು. ತೆರೆಯ ಮೇಲೆ 24ರಲ್ಲಿ ಓಡಿಸಿದಾಗ ಚಲನೆ ಒಂದಿಷ್ಟು ಚುರುಕಾಗಿ, ಏಟಿಗೆ ಚೂಪು ಬರುತ್ತದೆ. ಟಿವಿ ನಡುವೆ ಬಾಯಿ ಹಾಕಿದರೆ ಆ ಚೂಪು ಹೋಗಿ ಎಲ್ಲವೂ ಎಣ್ಣೆಯಲ್ಲಿ ತೇಲಿದಂತಾಗುತ್ತದೆ. ‘ಫಿಲ್ಮ್ ಮೇಕರ್’ ಎಂಬ ಆಯ್ಕೆಯಿದ್ದರೆ ಅದನ್ನೊಂದನ್ನು ಒತ್ತಿದರೆ ಸಾಕು.

ಚಿತ್ರವನ್ನು ಎಳೆದು ಪರದೆ ತುಂಬಿಸಬೇಡಿ. ಅಂಚು ಕತ್ತರಿಸಿದರೆ ಒದೆಯುವವನ ಪಾದವೇ ಹೊರಗುಳಿಯುತ್ತದೆ. ಪ್ರಖರತೆ ತೀರಾ ಏರಿಸಿದರೆ ನಟರನ್ನು ಎತ್ತುವ ತಂತಿಗಳು ಕಾಣತೊಡಗುತ್ತವೆ. ಕಾಣಲಿ ಬಿಡಿ, ಪ್ರಪಂಚ ಮುಳುಗುವುದಿಲ್ಲ. ಕೋಣೆಯನ್ನು ಪೂರ್ತಿ ಕತ್ತಲು ಮಾಡುವ ಬದಲು ಟಿವಿಯ ಹಿಂದೆ ಒಂದು ಸಣ್ಣ ದೀಪವಿದ್ದರೆ ಕಣ್ಣಿಗೂ ಹಿತ. ವಿಸಿಡಿ ಕಾಲದ ಪ್ರತಿಯಷ್ಟೇ ಸಿಕ್ಕಿದ್ದರೆ ದೊಡ್ಡ ಟಿವಿ ಬಿಟ್ಟು ಲ್ಯಾಪ್‌ಟಾಪಿನಲ್ಲಿ ನೋಡಿ.

ಐದನೆಯ ಹೆಜ್ಜೆ: ಜೊತೆಗಾರರು

ಒಬ್ಬರೇ ನೋಡುವ ಚಿತ್ರವಲ್ಲ ಇದು. ಮೂರು ನಾಲ್ಕು ಜನರಿರಲಿ, ಒಂದು ದೊಡ್ಡ ತಟ್ಟೆ ಚುರುಮುರಿ ಇರಲಿ. ಮಕ್ಕಳಿದ್ದರೆ ಒಂದು ಆಟ ತಾನಾಗಿಯೇ ಶುರುವಾಗುತ್ತದೆ: ತೆರೆಯ ಮೇಲೆ ಶಿಷ್ಯ ಉಸಿರು ಕಟ್ಟಿದಾಗ ಇವರೂ ಕಟ್ಟುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ‘ಮಿಸ್ಟರ್ ವ್ಯಾಂಪೈರ್’ ನಡೆಯುತ್ತದೆ ಎಂಬುದು ನನ್ನ ಅಂದಾಜು. ಶಿಷ್ಯನನ್ನು ಮೋಹಿನಿಯೊಬ್ಬಳು ಮರುಳು ಮಾಡುವ ಭಾಗವಿದೆ, ದೊಡ್ಡವರು ಮೊದಲೊಮ್ಮೆ ನೋಡಿಕೊಂಡರೆ ಒಳ್ಳೆಯದು.

ಮುಚ್ಚಿಡದೆ ಹೇಳಬೇಕಾದ ಎರಡು ಮಾತು. ಆ ಕಾಲದ ಹಾಂಗ್‌ಕಾಂಗ್‌ನ ಕೆಲವು ಚಿತ್ರಗಳಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹೆಂಗಸರನ್ನು ನಡೆಸಿಕೊಂಡ ರೀತಿಯೂ ಅಷ್ಟೇ. 1980ರ ಚಿತ್ರ ಅಷ್ಟು ಅದ್ಭುತವಾಗಿ ಕಾದಾಡಿ, ಕೊನೆಗೆ ನಾಯಕ ತನ್ನ ಹೆಂಡತಿಯನ್ನು ಬಡಿಯುವುದನ್ನೇ ನಗೆಯ ಮುಕ್ತಾಯವೆಂದು ಕೊಡುತ್ತದೆ. ಅವಳು ಮೋಸ ಮಾಡಿದ್ದಾಳೆಂಬುದು ಕಥೆಯ ಸಬೂಬು. ಆ ಒಂದು ನಿಮಿಷಕ್ಕೆ ನಾನು ನಗಲಾರೆ.

ಆರನೆಯ ಹೆಜ್ಜೆ: ಏನನ್ನು ನೋಡಬೇಕು

ಚಿತ್ರ ಓಡುತ್ತಿರುವಾಗ ಕಣ್ಣು ಮುಖಗಳಿಂದ ಇಳಿದು ಕಾಲುಗಳ ಕಡೆ ಹೋಗಲಿ.

ಸಾಮೊ ಹಂಗ್, ಯುವೆನ್ ವಾ ಇಬ್ಬರೂ ಹಾಂಗ್‌ಕಾಂಗ್‌ನಲ್ಲಿ ಯು ಜಿಮ್‌ಯುವೆನ್ ಎಂಬ ಗುರುವಿನ ಪೀಕಿಂಗ್ ಒಪೆರಾ (ಹಾಡು, ಅಭಿನಯ, ಕಸರತ್ತು ಬೆರೆತ ಚೀನೀ ರಂಗಕಲೆ) ಶಾಲೆಯಲ್ಲಿ ಬೆಳೆದವರು. ಜಾಕಿ ಚಾನ್ ಸಹ ಅದೇ ಶಾಲೆಯವನು. ಲಾಮ್ ಚಿಂಗ್‌ಯಿಂಗ್ ಇನ್ನೊಂದು ಒಪೆರಾ ಶಾಲೆಯಲ್ಲಿ ಕಲಿತವನು. ಚಿಕ್ಕ ವಯಸ್ಸಿನಿಂದಲೇ ಲಾಗ ಹಾಕುವುದು, ತಲೆಕೆಳಗಾಗಿ ಕೈ ಮೇಲೆ ನಿಲ್ಲುವುದು, ಹಾಡು, ಅಭಿನಯ, ಆಯುಧ ಎಲ್ಲವನ್ನೂ ಒಟ್ಟಿಗೇ ಕಲಿತ ದೇಹಗಳಿವು. ಒಪೆರಾ ಸೊರಗಿದಾಗ ಇಂಥ ಹುಡುಗರು ಸಿನಿಮಾದಲ್ಲಿ ಸಾಹಸ ಕಲಾವಿದರಾದರು. ಆದ್ದರಿಂದಲೇ ಇಲ್ಲಿನ ಕಾದಾಟದಲ್ಲಿ ರಂಗದ ತಾಳವಿದೆ: ನಾಲ್ಕು ಏಟು, ಒಂದು ಭಂಗಿ, ಕ್ಷಣಕಾಲ ಸ್ತಬ್ಧ, ಮತ್ತೆ ಏಟು. ಆ ಸ್ತಬ್ಧತೆಯನ್ನು ಗುರುತಿಸಿದಿರೆಂದರೆ ಕಾದಾಟ ಗದ್ದಲವಾಗಿ ಕೇಳಿಸುವುದು ನಿಲ್ಲುತ್ತದೆ.

ಯುವೆನ್ ವಾ ವಿಷಯವನ್ನೇ ತೆಗೆದುಕೊಳ್ಳಿ. 1973ರ ‘ಎಂಟರ್ ದ ಡ್ರ್ಯಾಗನ್’ ಚಿತ್ರದಲ್ಲಿ ಬ್ರೂಸ್ ಲೀ ಪರವಾಗಿ ಲಾಗ ಹಾಕಿದವನು ಇವನೇ. ಹನ್ನೆರಡು ವರ್ಷಗಳ ನಂತರ ಅಂಥ ಮೈಗೆ ಸಿಕ್ಕ ಪಾತ್ರ ಮೊಣಕಾಲು, ಮೊಣಕೈ ಮಡಿಸುವಂತಿಲ್ಲದ ಹೆಣ! ಕೈ ಚಾಚಿಕೊಂಡೇ ಸೊಂಟ ಬಾಗಿಸದೆ ಒಮ್ಮೆ ಮೇಲಕ್ಕೆ ಜಿಗಿದು ನೋಡಿ, ಆ ಪಾತ್ರದ ಕಷ್ಟ ತಿಳಿಯುತ್ತದೆ. ಹೆಣ ಬಿದ್ದಲ್ಲಿಂದ ಹಲಗೆಯಂತೆ ನೆಟ್ಟಗೆ ಎದ್ದು ನಿಲ್ಲುವಾಗ ತಂತಿ ಎಳೆಯುವವರೂ ತೆರೆಯ ಹಿಂದೆ ಬೆವರಿದ್ದಾರೆ ಎಂಬುದು ನೆನಪಿರಲಿ.

ಲಾಮ್ ಚಿಂಗ್‌ಯಿಂಗ್‌ನ ಕಲೆ ಇನ್ನೊಂದು ಬಗೆಯದು. ಒಂದಕ್ಕೊಂದು ಕೂಡಿದ ದಪ್ಪ ಹುಬ್ಬು, ಗಂಟಿಕ್ಕಿದ ಮುಖ. ನಡುವಯಸ್ಸು ದಾಟಿದ ಗುರುವೆಂದು ನಾವು ನಂಬುವ ಈ ಮನುಷ್ಯನಿಗೆ ಆಗ ಮೂವತ್ತೆರಡೇ ವರ್ಷ. ಅವನು ನಗುವುದಿಲ್ಲ, ಹಾಸ್ಯ ಮಾಡಲೂ ಹೋಗುವುದಿಲ್ಲ. ಸುತ್ತಲೂ ಎಲ್ಲರೂ ಕೋತಿಗಳಾಗಿರುವಾಗ ಇವನೊಬ್ಬ ತನ್ನ ವೃತ್ತಿಯನ್ನು ಶ್ರದ್ಧೆಯಿಂದ ಮಾಡುತ್ತಾನೆ. ನಮಗೆ ನಗು ಬರುವುದು ಅದರಿಂದಲೇ. ಹೀಗೆ ಒಬ್ಬ ಗಂಭೀರನಿಲ್ಲದ ಜಿಯಾಂಗ್‌ಶಿ ಚಿತ್ರಗಳು ಬೇಗ ಬೇಸರ ತರಿಸುತ್ತವೆ. 1997ರಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ನಲವತ್ತನಾಲ್ಕು.

ಸಾಮೊ ಹಂಗ್‌ನ ಚಿತ್ರದಲ್ಲಿ ಎರಡು ದೃಶ್ಯಗಳಿಗಾಗಿ ಕಾಯಿರಿ. ಒಂದು, ಉಪಾಹಾರಗೃಹದಲ್ಲಿ ಮಂತ್ರದ ವಶಕ್ಕೆ ಹೋದ ಅವನ ಕೈ ಅವನ ಮಾತನ್ನೇ ಕೇಳದೆ ಸುತ್ತಲಿನವರನ್ನು ಬಡಿಯುವುದು. ಸ್ಥೂಲ ಮೈಯ ಒಬ್ಬ ನಟ, ಅವನದೇ ಒಂದು ಕೈ. ವಿಶೇಷ ಪರಿಣಾಮಕ್ಕೆಂದು ಒಂದು ಕಾಸೂ ಖರ್ಚಾದಂತೆ ಕಾಣುವುದಿಲ್ಲ. ಇನ್ನೊಂದು, ಕೊನೆಯಲ್ಲಿ ಎತ್ತರದ ಪೀಠಗಳ ಮೇಲೆ ನಿಂತ ಇಬ್ಬರು ಮಾಂತ್ರಿಕರು ಕೆಳಗಿರುವವರ ಮೈಮೇಲೆ ದೇವತೆಗಳನ್ನು ಬರಿಸಿ ಕಾದಾಡಿಸುವುದು. ಚೀನೀ ಪುರಾಣಕಥೆಯ ಕಪಿರಾಜನೂ ಬಂದುಹೋಗುತ್ತಾನೆ. ಮೈಮೇಲೆ ಬರುವುದನ್ನು ಕಂಡು ಬೆಳೆದ ನಮಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ.

ಹೊಗೆಯನ್ನೂ ಗಮನಿಸಿ. ಹಿಂದಿನಿಂದ ನೀಲಿ ದೀಪ, ಮುಂದೆ ಹೊಗೆ: ಭಯ ಹುಟ್ಟಿಸುವುದು ಒಂದು ಉಪಯೋಗ. ಸೆಟ್ಟಿನ ಕಾಡು ಹತ್ತು ಹೆಜ್ಜೆಗೇ ಮುಗಿದುಹೋಗುವುದನ್ನು ಮರೆಮಾಡುವುದು ಇನ್ನೊಂದು.

ಏಳನೆಯ ಹೆಜ್ಜೆ: ಮುಂದೇನು

‘ಮಿಸ್ಟರ್ ವ್ಯಾಂಪೈರ್’ಗೆ ಉತ್ತರ ಭಾಗಗಳಿವೆ, ಕಥೆ ಮಾತ್ರ ಮುಂದುವರಿಯುವುದಿಲ್ಲ. 1986ರ ಎರಡನೆಯದು ಇಂದಿನ ಕಾಲಕ್ಕೆ ಬಂದು ಮರಿ ಜಿಯಾಂಗ್‌ಶಿಯನ್ನು ಮುದ್ದು ಮಾಡುತ್ತದೆ, ನನಗೆ ಸಪ್ಪೆ. 1987ರ ಮೂರನೆಯದು ಚೆನ್ನಾಗಿದೆ, ಎರಡು ದೆವ್ವಗಳ ಜೊತೆ ಸೇರಿ ಜನರನ್ನು ಮೋಸಗೊಳಿಸುವ ನಕಲಿ ಮಾಂತ್ರಿಕನ ಕಥೆ. 1988ರ ನಾಲ್ಕನೆಯದರಲ್ಲಿ ಲಾಮ್ ಇಲ್ಲ. 1989ರಲ್ಲಿ ಲಾಮ್ ತಾನೇ ನಿರ್ದೇಶಿಸಿದ ‘ವ್ಯಾಂಪೈರ್ ವರ್ಸಸ್ ವ್ಯಾಂಪೈರ್’ನಲ್ಲಿ ಗುರುವಿನ ಚೀಟಿ, ಕತ್ತಿಗಳು ಯುರೋಪಿನ ರಕ್ತಪಿಶಾಚಿಯ ಮುಂದೆ ಕೆಲಸಕ್ಕೆ ಬಾರದೆ ಹೋಗುವುದೇ ತಮಾಷೆ. ನಿಯಮ ಕಲಿತವರಿಗೆ ಇದು ಬಹುಮಾನ.

ನಿಜವಾಗಿಯೂ ಚಿಲ್ಲರೆ ಕಾಸಿನ ಚಿತ್ರಗಳು ಇದಕ್ಕಿಂತ ಕೆಳಗಿವೆ. ಇಂಡೊನೇಷ್ಯಾ ಮೂಲದ ಬಿಲ್ಲಿ ಚಾಂಗ್ ನಟಿಸಿದ 1981ರ ‘ಕುಂಗ್ ಫೂ ಜಾಂಬಿ’ ಕಥೆಯಲ್ಲಿ ಒರಟು, ಕಾದಾಟದಲ್ಲಿ ಬೆಂಕಿ. ಪಾತಾಳ ಮುಟ್ಟಬೇಕೆಂದರೆ 1988ರ ‘ರೋಬೋ ವ್ಯಾಂಪೈರ್’ ಇದೆ. ಫಿಲ್ಮಾರ್ಕ್ ಎಂಬ ಕಂಪನಿ ಥಾಯ್ ಸಾಹಸಚಿತ್ರವೊಂದರ ತುಣುಕುಗಳಿಗೆ ತಾನು ತೆಗೆದ ಜಿಯಾಂಗ್‌ಶಿ ದೃಶ್ಯಗಳನ್ನೂ, ಬೆಳ್ಳಿ ಬಣ್ಣದ ಉಡುಪು ತೊಟ್ಟ ಯಂತ್ರಮಾನವನನ್ನೂ ಹೊಲಿದು ಮಾಡಿದ ಕೌದಿ ಅದು. ಅದನ್ನು ಪೂರ್ತಿ ನೋಡುವ ಹಟ ಬೇಡ. ಯಾವ ತುಣುಕು ಯಾವ ಚಿತ್ರದ್ದೆಂದು ಬೆಳಕು, ಫಿಲ್ಮಿನ ಬಣ್ಣ ನೋಡಿ ಊಹಿಸುವ ಪಂದ್ಯ ಕಟ್ಟಿಕೊಂಡರೆ ಅರ್ಧ ಗಂಟೆ ಚೆನ್ನಾಗಿ ಕಳೆಯುತ್ತದೆ, ಆಮೇಲೆ ನಿಲ್ಲಿಸಿ.

ಇಷ್ಟೆಲ್ಲ ಆದ ಮೇಲೆ, ಆಗಷ್ಟೇ, 2013ರ ‘ರಿಗರ್ ಮಾರ್ಟಿಸ್’ ನೋಡಿ. ಜೂನೊ ಮಾಕ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅಂದಿನ ಶಿಷ್ಯ ಚಿನ್ ಸಿಯುಹೋ ಅವಕಾಶ ಕಳೆದುಕೊಂಡ ನಟನ ಪಾತ್ರದಲ್ಲಿದ್ದಾನೆ. ಅಂದು ಹೆಣಗಳ ಸಾಲು ನಡೆಸಿದ ಆಂಟನಿ ಚಾನ್ ಇಲ್ಲಿ ಅಂಟು ಅಕ್ಕಿಯ ಅಡುಗೆ ಮಾಡಿ ಮಾರುತ್ತಾನೆ. ಚೀಟಿ, ಅಕ್ಕಿ, ಮಸಿದಾರ ಎಲ್ಲವೂ ಉಂಟು. ನಗುವನ್ನು ಮಾತ್ರ ತೆಗೆದುಹಾಕಿದ್ದಾರೆ. ಚುರುಮುರಿ, ಮಕ್ಕಳು ಇರುವ ಸಂಜೆಗೆ ಇದು ಹೊಂದುವುದಿಲ್ಲ. ಅವರೆಲ್ಲ ಮಲಗಿದ ಮೇಲೆ ಹಾಕಿಕೊಳ್ಳಿ.